ಒಡಲೊಳಗಿನ ಕಬ್ಬಿಣ

ಅರ್ಥವಾಗದ ವಿಷಯವನ್ನು ನಾವು ‘ಕಬ್ಬಿಣದ ಕಡಲೆ’ ಎನ್ನುತ್ತೇವೆ. ಮೂವತ್ತು ವರ್ಷಗಳಿಗೂ ಮಿಕ್ಕಿ ಹಳಗನ್ನಡ ಕಾವ್ಯಗಳನ್ನು ಪಾಠ ಹೇಳಿದ ನನಗೆ ಈ ಮಾತಿನ ಪರಿಚಯ ಚೆನ್ನಾಗಿಯೇ ಇದೆ. ತರಗತಿಯ ಹಿಂದಿನ ಸಾಲುಗಳಿಂದ ಅದು ಎಷ್ಟೋ ಸಲ ನನ್ನ ಕಿವಿಯ ಮೇಲೆ ಬಿದ್ದದ್ದುಂಟು. ಕಬ್ಬಿಣವನ್ನು ಯಾರೂ ಅಗಿಯಲಾರರು, ಅಗಿದರೂ ಅರಗಿಸಿಕೊಳ್ಳಲಾರರು ಎಂಬುದು ಆ ನುಡಿಗಟ್ಟಿನ ಆಶಯ. ಆದರೆ ವಸ್ತುಸ್ಥಿತಿ ಹಾಗಿಲ್ಲ. ನಾವೆಲ್ಲರೂ ದಿನದಿನವೂ ಕಬ್ಬಿಣವನ್ನು ತಿನ್ನುತ್ತೇವೆ; ಅದರಲ್ಲಿ ಅಲ್ಪಸ್ವಲ್ಪವನ್ನು ಅರಗಿಸಿಕೊಂಡು ರಕ್ತಗತ ಮಾಡಿಕೊಳ್ಳುತ್ತೇವೆ. ಈ ಅಲ್ಪಸ್ವಲ್ಪದ ಲೆಕ್ಕವನ್ನು ನಮ್ಮ ಶರೀರ ಎಂಥ ಎಚ್ಚರದಿಂದ ಇಡುತ್ತದೆ, ಆ ಲೆಕ್ಕ ತಪ್ಪಿದರೆ ಏನಾಗುತ್ತದೆ ಎಂಬುದನ್ನು ಕುರಿತು ಇಂದು ನಾಲ್ಕು ಮಾತು ಹೇಳಬೇಕೆಂದಿದ್ದೇನೆ.

ನಾನು ವೈದ್ಯನಲ್ಲ, ವಿಜ್ಞಾನಿಯೂ ಅಲ್ಲ. ಕನ್ನಡದ ಮಾಸ್ತರನಿಗೆ ಈ ಉಸಾಬರಿ ಏಕೆಂದು ನೀವು ಕೇಳಬಹುದು. ಅದಕ್ಕೊಂದು ಕಾರಣವಿದೆ.

ನನ್ನ ಊರು ಹತ್ತರಗಿ. ಬೆಳಗಾವಿಯಿಂದ ಸಂಕೇಶ್ವರದ ಕಡೆಗೆ ಸಾಗುವ ಹೆದ್ದಾರಿಯ ಮೇಲೆ, ಹುಕ್ಕೇರಿ ತಾಲೂಕಿನಲ್ಲಿದೆ. ನಮ್ಮದು ಮಣ್ಣಿನ ಗೋಡೆಯ ಮನೆ. ನನ್ನ ದೊಡ್ಡ ಅಕ್ಕ ಹೆರಿಗೆಗೆಂದು ತವರಿಗೆ ಬಂದಾಗ ನಡುಮನೆಯ ಗೋಡೆಯ ಒಂದು ಮೂಲೆಯಿಂದ ಮಣ್ಣು ಕೆತ್ತಿ ಬಾಯಿಗೆ ಹಾಕಿಕೊಳ್ಳುತ್ತಿದ್ದಳು. ಅಲ್ಲಿ ಅಂಗೈಯಗಲದ ತಗ್ಗು ಬಿದ್ದಿತ್ತು. ಮನೆಯವರು ಬೈದರು, ಬುದ್ಧಿ ಹೇಳಿದರು. ಹತ್ತು ವರ್ಷದ ಹುಡುಗನಾದ ನಾನು ಅವಳ ಮೇಲೆ ಚಾಡಿ ಹೇಳಿದ್ದೂ ಉಂಟು. ಬಾವಿಯಿಂದ ಕೊಡ ಹೊತ್ತು ಬರುವಾಗ ಅವಳು ದಾರಿಯಲ್ಲಿ ಎರಡು ಸಲ ಕುಳಿತು ಏದುಸಿರು ಬಿಡುತ್ತಿದ್ದಳು, ಅದನ್ನು ಮೈಗಳ್ಳತನವೆಂದರು. ೧೯೬೮ರಲ್ಲಿ ಎರಡನೆಯ ಹೆರಿಗೆಯಾದ ರಾತ್ರಿ ರಕ್ತಸ್ರಾವ ನಿಲ್ಲಲಿಲ್ಲ. ಬೆಳಗಾಗುವುದರೊಳಗೆ ಅಕ್ಕ ತೀರಿಕೊಂಡಳು. ಬಹಳ ವರ್ಷಗಳ ಮೇಲೆ, ನನ್ನಲ್ಲಿ ಕನ್ನಡ ಓದಿ ಮುಂದೆ ವೈದ್ಯರಾದ ಶಿಷ್ಯರೊಬ್ಬರಿಗೆ ಈ ಸಂಗತಿಯನ್ನು ಹೇಳಿದಾಗ ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, “ಸರ್, ಮಣ್ಣು ತಿನ್ನುವುದು ಚಟವಲ್ಲ, ಬಹಳ ಸಲ ಅದು ಮೈಯಲ್ಲಿ ಕಬ್ಬಿಣ ಬರಿದಾದ ಲಕ್ಷಣ” ಎಂದರು. ನಾವು ಅವಳ ರೋಗವನ್ನು ಅವಳ ಗುಣವೆಂದು ತಿಳಿದಿದ್ದೆವು. ಅಂದಿನಿಂದ ಈ ವಿಷಯದ ಬೆನ್ನು ಹತ್ತಿ ಓದಿದ್ದೇನೆ, ತಿಳಿದವರನ್ನು ಕೇಳಿದ್ದೇನೆ.

ಮೊದಲು ಶಬ್ದವನ್ನೇ ನೋಡೋಣ. ಅದು ನನಗೆ ಅಭ್ಯಾಸವಾದ ದಾರಿ. ‘ಕಬ್ಬಿಣ’ ಎಂಬುದರ ಮೂಲದಲ್ಲಿ ಕಪ್ಪು ಎಂಬರ್ಥದ ‘ಕರ್’ ಮತ್ತು ‘ಪೊನ್’ ಎಂಬ ಎರಡು ಅಂಶಗಳನ್ನು ಭಾಷಾಜ್ಞರು ಗುರುತಿಸುತ್ತಾರೆ. ಪೊನ್ ಎಂದರೆ ಹೊನ್ನು; ವ್ಯಾಪಕಾರ್ಥದಲ್ಲಿ ಲೋಹ. ಅಂದಮೇಲೆ ಕಬ್ಬಿಣವೆಂದರೆ ಕರಿಯ ಹೊನ್ನು. ಶರೀರದ ಮಟ್ಟಿಗೆ ಈ ಹೆಸರು ಸಾರ್ಥಕವಾಗಿದೆ. ವಯಸ್ಕ ಮನುಷ್ಯನ ಮೈಯಲ್ಲಿರುವ ಒಟ್ಟು ಕಬ್ಬಿಣ ೩ರಿಂದ ೪ ಗ್ರಾಂ. ನಮ್ಮ ಹಳೆಯ ತೂಕದಲ್ಲಿ ಹೇಳುವುದಾದರೆ ತೊಲೆಯ ಮೂರನೆಯ ಒಂದು ಪಾಲು. ಅಕ್ಕಸಾಲಿಗನ ತಕ್ಕಡಿಯಲ್ಲಿಯೇ ತೂಗಬೇಕಾದ ಸರಕು ಇದು.

ರಕ್ತಕ್ಕೂ ಕಬ್ಬಿಣಕ್ಕೂ ನಂಟಿದೆ ಎಂಬ ಊಹೆ ಹಳೆಯದು. ಚರಕಸಂಹಿತೆಯ ಚಿಕಿತ್ಸಾಸ್ಥಾನದಲ್ಲಿ ಪಾಂಡುರೋಗಕ್ಕೆ, ಅಂದರೆ ಮೈ ಬಿಳಿಚುವ ರೋಗಕ್ಕೆ, ಒಂದು ಅಧ್ಯಾಯವೇ ಮೀಸಲಾಗಿದ್ದು, ಲೋಹದ ಚೂರ್ಣ ಬೆರೆತ ಔಷಧಗಳು ಅಲ್ಲಿ ಹೇಳಲ್ಪಟ್ಟಿವೆ. ಹದಿನೆಂಟನೆಯ ಶತಮಾನದಲ್ಲಿ ಇಟಲಿಯ ಬೊಲೋನ್ಯಾ ನಗರದ ಮೆಂಘಿನಿ ಎಂಬ ವೈದ್ಯನು ರಕ್ತವನ್ನು ಸುಟ್ಟು ಬೂದಿ ಮಾಡಿ, ಅದರ ಕಣಗಳನ್ನು ಅಯಸ್ಕಾಂತವು ಸೆಳೆಯುವುದನ್ನು ತೋರಿಸಿಕೊಟ್ಟನು.

ಮೈಯಲ್ಲಿನ ಕಬ್ಬಿಣದ ಮೂರರಲ್ಲಿ ಎರಡು ಪಾಲು ಇರುವುದು ರಕ್ತದ ಕೆಂಪುಕಣಗಳೊಳಗಿನ ಹಿಮೋಗ್ಲೋಬಿನ್ನಿನಲ್ಲಿ. ಹಿಮೋಗ್ಲೋಬಿನ್ನಿನ ಒಂದೊಂದು ಅಣುವಿನಲ್ಲಿ ಕಬ್ಬಿಣದ ನಾಲ್ಕು ಪರಮಾಣುಗಳಿದ್ದು, ಶ್ವಾಸಕೋಶದಲ್ಲಿ ಆಮ್ಲಜನಕವನ್ನು ಹಿಡಿದು ಅಂಗಾಂಗಗಳಲ್ಲಿ ಬಿಟ್ಟುಕೊಡುವ ಕೆಲಸ ಅವುಗಳದು. ಕಬ್ಬಿಣ ಸಾಲದಿದ್ದರೆ ಕೆಂಪುಕಣಗಳು ಚಿಕ್ಕವೂ ಪೇಲವವೂ ಆಗುತ್ತವೆ. ಉಸಿರು ಎಷ್ಟು ಎಳೆದರೂ ಆಮ್ಲಜನಕ ತಲುಪಬೇಕಾದಲ್ಲಿಗೆ ಸಾಕಷ್ಟು ತಲುಪುವುದಿಲ್ಲ. ಅಕ್ಕನ ಏದುಸಿರಿನ ಕಾರಣ ಇದೇ ಇದ್ದಿರಬೇಕು.

ಇಷ್ಟು ಉಪಕಾರಿಯಾದ ವಸ್ತುವನ್ನು ಶರೀರ ಕೈತುಂಬ ಬಾಚಿಕೊಳ್ಳಬಾರದೇಕೆ? ಬಾಚಿಕೊಳ್ಳುವುದಿಲ್ಲ, ಏಕೆಂದರೆ ಅದಕ್ಕೆ ಕಬ್ಬಿಣದ ಭಯವೂ ಅಷ್ಟೇ ಇದೆ. ಒಂಟಿಯಾಗಿ ಅಲೆಯುವ ಕಬ್ಬಿಣವು ಆಮ್ಲಜನಕದ ಉತ್ಪನ್ನಗಳೊಡನೆ ಕೂಡಿ ಜೀವಕೋಶಗಳನ್ನು ಸುಡಬಲ್ಲ ಉಗ್ರ ಕಣಗಳನ್ನು ಹುಟ್ಟಿಸುತ್ತದೆ. ಅಷ್ಟೇ ಅಲ್ಲ, ಮೈಯೊಳಗೆ ನುಗ್ಗಿದ ರೋಗಾಣುಗಳಲ್ಲಿ ಬಹುಪಾಲಿನವಕ್ಕೂ ಬೆಳೆಯಲು ಕಬ್ಬಿಣ ಬೇಕು. ಆದ್ದರಿಂದ ಶರೀರವು ಅದನ್ನು ಎಂದೂ ಒಂಟಿಯಾಗಿ ಬಿಡುವುದಿಲ್ಲ. ರಕ್ತದಲ್ಲಿ ಸಾಗುವಾಗ ಟ್ರಾನ್ಸ್‌ಫೆರಿನ್ ಎಂಬ ಪ್ರೋಟೀನು ಅದರ ಜೊತೆಗಿರುತ್ತದೆ. ಕೂಡಿಡುವಾಗ ಫೆರಿಟಿನ್ ಎಂಬ ಪ್ರೋಟೀನಿನ ಚಿಪ್ಪಿನೊಳಗೆ ಇಡುತ್ತದೆ. ಇಂಥ ಒಂದು ಚಿಪ್ಪಿನಲ್ಲಿ ಸುಮಾರು ೪,೫೦೦ ಪರಮಾಣುಗಳವರೆಗೆ ಹಿಡಿಸುತ್ತವೆ. ನಮ್ಮ ಹಿರಿಯರು ಜೋಳವನ್ನು ಹಗೇವಿನಲ್ಲಿ ಹಾಕಿ ಬಾಯಿ ಮುಚ್ಚುತ್ತಿದ್ದರಲ್ಲ, ಇದು ಅಂಥ ಏರ್ಪಾಡು. ಈ ಹಗೇವುಗಳು ಹೆಚ್ಚಾಗಿರುವುದು ಯಕೃತ್ತಿನಲ್ಲಿ.

ಇನ್ನು ಮಿತವ್ಯಯದ ಮಾತು. ಕೆಂಪುಕಣದ ಆಯುಷ್ಯ ಸುಮಾರು ೧೨೦ ದಿನ. ಮುಪ್ಪಾದ ಕಣಗಳನ್ನು ಪ್ಲೀಹದಲ್ಲಿಯೂ ಯಕೃತ್ತಿನಲ್ಲಿಯೂ ಇರುವ ಭಕ್ಷಕಕೋಶಗಳು ನುಂಗಿ, ಅವುಗಳೊಳಗಿನ ಕಬ್ಬಿಣವನ್ನು ಬಿಡಿಸಿ, ಹೊಸ ಕಣಗಳು ಹುಟ್ಟುವ ಅಸ್ಥಿಮಜ್ಜೆಗೆ ಕಳಿಸುತ್ತವೆ. ಊರಿನ ಕಂಬಾರನು ಸವೆದ ಕುಳವನ್ನು ಕುಲುಮೆಗೆ ಹಾಕಿ ಕುಡುಗೋಲು ಮಾಡಿಕೊಡುವ ಹಾಗೆ. ಹೀಗೆ ಮರಳಿ ಬಳಕೆಗೆ ಬರುವ ಕಬ್ಬಿಣ ದಿನಕ್ಕೆ ೨೦ರಿಂದ ೨೫ ಮಿಲಿಗ್ರಾಂ. ಅನ್ನದಿಂದ ಹೊಸದಾಗಿ ಒಳಗೆ ಬರುವುದು ದಿನಕ್ಕೆ ೧ರಿಂದ ೨ ಮಿಲಿಗ್ರಾಂ ಮಾತ್ರ. ಚರ್ಮ ಉದುರುವುದು, ಕರುಳಿನ ಒಳಪೊರೆ ಸವೆಯುವುದು ಮುಂತಾದವುಗಳಿಂದ ಹೊರಗೆ ಹೋಗುವುದೂ ಸುಮಾರಾಗಿ ಅಷ್ಟೇ.

ಇಲ್ಲಿಯೇ ಈ ವಿಷಯದ ಮರ್ಮವಿದೆ. ಉಪ್ಪು ಹೆಚ್ಚಾದರೆ, ನೀರು ಹೆಚ್ಚಾದರೆ ಮೂತ್ರಪಿಂಡಗಳು ಹೊರಗೆ ಹಾಕುತ್ತವೆ. ಕಬ್ಬಿಣ ಹೆಚ್ಚಾದರೆ ಹೊರಗೆ ಹಾಕುವ ಯಾವ ಏರ್ಪಾಡೂ ಮನುಷ್ಯಶರೀರದಲ್ಲಿ ಇಲ್ಲ. ಇಂಗ್ಲೆಂಡಿನ ಮೆಕ್ಯಾನ್ಸ್ ಮತ್ತು ವಿಡೋಸನ್ ಎಂಬ ವಿಜ್ಞಾನಿಗಳು ೧೯೩೭ರಷ್ಟು ಹಿಂದೆಯೇ ಈ ನಿಷ್ಕರ್ಷೆಗೆ ಬಂದಿದ್ದರು. ನಮ್ಮ ಊರಿಗೆ ಸಮೀಪದಲ್ಲಿ ಘಟಪ್ರಭೆಗೆ ಕಟ್ಟಿದ ಹಿಡಕಲ್ ಜಲಾಶಯವಿದೆ, ೫೧ ಟಿ.ಎಂ.ಸಿ. ನೀರು ಹಿಡಿಯುವಂಥದು. ಮಳೆಗಾಲದಲ್ಲಿ ಒಳಹರಿವು ಹೆಚ್ಚಿದರೆ ಬಾಗಿಲುಗಳನ್ನೆತ್ತಿ ನೀರು ಬಿಡುತ್ತಾರೆ. ಅಂಥ ಬಾಗಿಲುಗಳೇ ಇಲ್ಲದ ಅಣೆಕಟ್ಟನ್ನು ಊಹಿಸಿಕೊಳ್ಳಿರಿ. ಅದನ್ನು ಕಾಯಬೇಕಾದರೆ ಇರುವ ಉಪಾಯ ಒಂದೇ: ಒಳಗೆ ಬರುವ ನೀರನ್ನು ಮೇಲೆಯೇ ತಡೆದು ಅಳೆದು ಬಿಡಬೇಕು. ಶರೀರವು ಕಬ್ಬಿಣದ ವಿಷಯದಲ್ಲಿ ಮಾಡುತ್ತಿರುವುದು ಇದನ್ನೇ. ಅದರ ಆಡಳಿತವೆಲ್ಲ ಒಳಬಾಗಿಲಿನಲ್ಲಿ.

ಆ ಒಳಬಾಗಿಲು ಇರುವುದು ಸಣ್ಣಕರುಳಿನ ಮೊದಲ ಭಾಗದಲ್ಲಿ. ಅಲ್ಲಿನ ಜೀವಕೋಶಗಳು ಅನ್ನದಲ್ಲಿನ ಕಬ್ಬಿಣವನ್ನು ಒಂದು ಕಡೆಯಿಂದ ಒಳಗೆ ತೆಗೆದುಕೊಳ್ಳುತ್ತವೆ. ರಕ್ತದ ಕಡೆಯ ಗೋಡೆಯಲ್ಲಿರುವ ಫೆರೊಪೋರ್ಟಿನ್ ಎಂಬ ದ್ವಾರದ ಮೂಲಕ ಆಚೆಗೆ ದಾಟಿಸುತ್ತವೆ. ಈ ದ್ವಾರ ತೆರೆದಿದ್ದರೆ ಕಬ್ಬಿಣ ರಕ್ತಕ್ಕೆ ಸೇರುತ್ತದೆ. ಮುಚ್ಚಿದ್ದರೆ ಕೋಶದೊಳಗೇ ಫೆರಿಟಿನ್ನಿನಲ್ಲಿ ಕುಳಿತಿರುತ್ತದೆ. ಮೂರರಿಂದ ಐದು ದಿನಗಳಲ್ಲಿ ಆ ಕೋಶ ತನ್ನ ಆಯುಷ್ಯ ಮುಗಿಸಿ ಉದುರಿದಾಗ ಅದರೊಡನೆ ಮಲದಲ್ಲಿ ಹೊರಗೆ ಹೋಗುತ್ತದೆ. ಹೊಸ್ತಿಲಿನ ತನಕ ಬಂದ ಅತಿಥಿಯನ್ನು ಒಳಗೆ ಕರೆಯದೆ ಅಲ್ಲಿಂದಲೇ ಬೀಳ್ಕೊಟ್ಟ ಹಾಗೆ.

ಈ ದ್ವಾರವನ್ನು ತೆರೆಯುವವರು ಯಾರು, ಮುಚ್ಚುವವರು ಯಾರು? ಇದು ಬಹುಕಾಲ ತಿಳಿದಿರಲಿಲ್ಲ. ನಾನು ಕೆಲಸಕ್ಕೆ ಸೇರಿದ ಕಾಲದ ವೈದ್ಯಗ್ರಂಥಗಳಲ್ಲಿ ಇದಕ್ಕೆ ಉತ್ತರವಿರಲಿಲ್ಲ. ೨೦೦೦ ಮತ್ತು ೨೦೦೧ರ ಸುಮಾರಿಗೆ ಜರ್ಮನಿಯ ಹಾಗೂ ಅಮೆರಿಕದ ಸಂಶೋಧಕರು ಮಾನವ ರಕ್ತದಲ್ಲಿಯೂ ಮೂತ್ರದಲ್ಲಿಯೂ ೨೫ ಅಮೈನೋ ಆಮ್ಲಗಳ ಒಂದು ಪುಟ್ಟ ವಸ್ತುವನ್ನು ಕಂಡರು. ಯಕೃತ್ತಿನಲ್ಲಿ ಹುಟ್ಟುವ, ರೋಗಾಣುಗಳನ್ನು ಕೊಲ್ಲಬಲ್ಲ ವಸ್ತುವೆಂದು ಬಗೆದು ಅಮೆರಿಕದ ತಂಡವು ಅದಕ್ಕೆ ‘ಹೆಪ್ಸಿಡಿನ್’ ಎಂದು ಹೆಸರಿಟ್ಟಿತು. ೨೦೦೧ರಲ್ಲಿಯೇ ಪ್ಯಾರಿಸಿನ ತಂಡವೊಂದು ಬೇರೊಂದು ಸಂಶೋಧನೆಗಾಗಿ ಸಾಕಿದ ಇಲಿಗಳ ಅಂಗಾಂಗಗಳಲ್ಲಿ ಕಬ್ಬಿಣ ವಿಪರೀತವಾಗಿ ತುಂಬಿರುವುದನ್ನು ನೋಡಿ, ಹುಡುಕಿದಾಗ, ಅವುಗಳಲ್ಲಿ ಹೆಪ್ಸಿಡಿನ್ ಹುಟ್ಟುತ್ತಲೇ ಇಲ್ಲವೆಂದು ತಿಳಿಯಿತು. ೨೦೦೪ರಲ್ಲಿ ಅದರ ಕೆಲಸದ ರೀತಿ ಸ್ಪಷ್ಟವಾಯಿತು. ಹೆಪ್ಸಿಡಿನ್ ಫೆರೊಪೋರ್ಟಿನ್ ದ್ವಾರಕ್ಕೆ ಅಂಟಿಕೊಂಡು ಅದನ್ನು ಕೋಶದೊಳಕ್ಕೆ ಎಳೆದು ನಾಶಗೊಳಿಸುತ್ತದೆ.

ನಮ್ಮ ಹತ್ತರಗಿಯನ್ನು ಹೆದ್ದಾರಿಯ ಪ್ರಯಾಣಿಕರು ಬಲ್ಲದ್ದು ಅಲ್ಲಿನ ಟೋಲ್ ನಾಕಾದಿಂದ. ಹೆಪ್ಸಿಡಿನ್ನನ್ನು ಅಂಥ ಒಂದು ನಾಕಾದ ಅಧಿಕಾರಿಯೆಂದು ತಿಳಿಯಿರಿ. ಉಗ್ರಾಣ ತುಂಬಿದ್ದರೆ ಯಕೃತ್ತು ಹೆಚ್ಚು ಹೆಪ್ಸಿಡಿನ್ನನ್ನು ಕಳಿಸುತ್ತದೆ, ದ್ವಾರಗಳು ಮುಚ್ಚುತ್ತವೆ. ಉಗ್ರಾಣ ಬರಿದಾದರೆ, ಅಥವಾ ರಕ್ತ ಕಳೆದುಹೋಗಿ ಅಸ್ಥಿಮಜ್ಜೆಯು ಬೇಡಿಕೆ ಸಲ್ಲಿಸಿದರೆ, ಹೆಪ್ಸಿಡಿನ್ ಇಳಿಯುತ್ತದೆ, ದ್ವಾರಗಳು ತೆರೆಯುತ್ತವೆ. ಗರ್ಭಿಣಿಯಲ್ಲಿಯೂ ಅದು ಇಳಿಯುತ್ತದೆ. ಮುಪ್ಪಾದ ರಕ್ತಕಣಗಳನ್ನು ನುಂಗುವ ಭಕ್ಷಕಕೋಶಗಳಿಗೂ ಇದೇ ದ್ವಾರ, ಇದೇ ಅಧಿಕಾರಿ.

ಈ ಅಧಿಕಾರಿಗೆ ಇನ್ನೊಂದು ಆಜ್ಞೆಯೂ ಇದೆ. ಸೋಂಕು, ಜ್ವರ, ದೀರ್ಘಕಾಲದ ಉರಿಯೂತ ತಲೆದೋರಿದಾಗ ಹೆಪ್ಸಿಡಿನ್ ಏರಿಬಿಡುತ್ತದೆ. ಶತ್ರುವಿನ ಕೈಗೆ ಕಬ್ಬಿಣ ಸಿಕ್ಕಬಾರದೆಂದು ಕೋಟೆಯ ಬಾಗಿಲುಗಳನ್ನೆಲ್ಲ ಮುಚ್ಚಿದ ಹಾಗೆ. ನಾಲ್ಕು ದಿನದ ಜ್ವರಕ್ಕೆ ಇದು ವಿವೇಕದ ಕ್ರಮ. ಆದರೆ ಕ್ಷಯದಂಥ ರೋಗ ತಿಂಗಳುಗಟ್ಟಲೆ ನಿಂತರೆ, ಉಗ್ರಾಣದಲ್ಲಿ ಕಬ್ಬಿಣವಿದ್ದೂ ಮಜ್ಜೆಗೆ ತಲುಪದೆ ರೋಗಿಯ ಮುಖ ಬಿಳಿಚುತ್ತದೆ. ಇಂಥವರಿಗೆ ಮೂಲರೋಗವನ್ನು ಗುಣಪಡಿಸದೆ ಬರಿಯ ಗುಳಿಗೆ ಕೊಟ್ಟರೆ ಹೆಚ್ಚು ಫಲವಿಲ್ಲ. ಮಲೇರಿಯಾ ಹೆಚ್ಚಾಗಿರುವ ಜಾಂಜಿಬಾರ್‌ನ ಪೆಂಬಾ ದ್ವೀಪದಲ್ಲಿ ಎಳೆಯ ಮಕ್ಕಳಿಗೆಲ್ಲ ಕಬ್ಬಿಣ ಮತ್ತು ಫೋಲಿಕ್ ಆಮ್ಲ ಕೊಟ್ಟು ನೋಡಿದ ಪ್ರಯೋಗದಲ್ಲಿ ತೀವ್ರ ಕಾಯಿಲೆಯೂ ಮರಣವೂ ಹೆಚ್ಚಾದವೆಂದು ೨೦೦೬ರಲ್ಲಿ ವರದಿಯಾಯಿತು. ಕಬ್ಬಿಣ ಕೊಡುವಲ್ಲಿ ಮಲೇರಿಯಾದ ತಡೆ ಮತ್ತು ಚಿಕಿತ್ಸೆಯೂ ಜೊತೆಗಿರಬೇಕೆಂಬುದು ಅದರಿಂದ ಕಲಿತ ಪಾಠ.

ಇಷ್ಟೆಲ್ಲ ಜಾಣತನದ ಏರ್ಪಾಡಿದ್ದೂ ನಮ್ಮ ಹೆಣ್ಣುಮಕ್ಕಳು ಬಿಳಿಚುವುದೇಕೆ? ೨೦೧೯–೨೧ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ೧೫ರಿಂದ ೪೯ ವಯಸ್ಸಿನ ಭಾರತೀಯ ಸ್ತ್ರೀಯರಲ್ಲಿ ನೂರಕ್ಕೆ ೫೭ ಜನ ರಕ್ತಹೀನರು. ಕರ್ನಾಟಕದಲ್ಲಿ ನೂರಕ್ಕೆ ೪೮ರ ಸುಮಾರು. ರಕ್ತಹೀನತೆಗೆ ಬೇರೆ ಕಾರಣಗಳೂ ಉಂಟು; ಆದರೆ ಕಬ್ಬಿಣದ ಕೊರತೆ ಅವುಗಳಲ್ಲಿ ಮುಖ್ಯವಾದದ್ದು.

ಲೆಕ್ಕ ಹಾಕಿ ನೋಡೋಣ. ಗಂಡಸಿನ ಉಗ್ರಾಣದಲ್ಲಿ ಸುಮಾರು ೧,೦೦೦ ಮಿಲಿಗ್ರಾಂ ಕಬ್ಬಿಣವಿದ್ದರೆ ಹೆಂಗಸಿನಲ್ಲಿ ಇರುವುದು ೩೦೦ರ ಸುಮಾರು. ಎಷ್ಟೋ ಜನರಲ್ಲಿ ಅದೂ ಇಲ್ಲ. ಮಾಸಿಕ ಸ್ರಾವದಲ್ಲಿ ಹೋಗುವುದನ್ನು ದಿನಗಳಿಗೆ ಹಂಚಿದರೆ ನಿತ್ಯದ ನಷ್ಟಕ್ಕೆ ಇನ್ನೂ ಅರ್ಧದಿಂದ ಒಂದು ಮಿಲಿಗ್ರಾಂ ಸೇರುತ್ತದೆ. ಒಂದು ಗರ್ಭಧಾರಣೆಗೆ ಒಟ್ಟಾರೆ ಬೇಕಾಗುವುದು ಸುಮಾರು ೧,೦೦೦ ಮಿಲಿಗ್ರಾಂ. ಧಾನ್ಯಪ್ರಧಾನವಾದ ನಮ್ಮ ಊಟದ ಕಬ್ಬಿಣದಲ್ಲಿ ಮೈಗೆ ಹತ್ತುವುದು ನೂರಕ್ಕೆ ಐದರಿಂದ ಎಂಟು ಪಾಲು. ದಿನಕ್ಕೆ ೧೫ ಮಿಲಿಗ್ರಾಂ ಉಂಡರೂ ದಕ್ಕುವುದು ಒಂದು ಮಿಲಿಗ್ರಾಂನ ಆಸುಪಾಸು. ಮೊದಲ ಕೂಸಿಗೆ ತನ್ನ ಉಗ್ರಾಣವನ್ನು ಬಸಿದುಕೊಟ್ಟವಳು ಅದು ತುಂಬುವ ಮೊದಲೇ ಎರಡನೆಯದಕ್ಕೆ ಬಸಿರಾದರೆ ಲೆಕ್ಕ ಕೂಡುವುದು ಹೇಗೆ? ನಾಕಾದ ಅಧಿಕಾರಿ ದ್ವಾರವನ್ನು ಪೂರ್ತಿ ತೆರೆದಿಟ್ಟಿದ್ದಾನೆ. ದಾಟಿಬರಲು ದಾರಿಯಲ್ಲಿ ಸರಕೇ ಇಲ್ಲ.

ಹಾಗಾದರೆ ಹೊಸ್ತಿಲಿನ ಈಚೆಗೆ ನಾವು ಮಾಡಬಹುದಾದದ್ದೇನು? ನಮ್ಮ ನಾಡಿನಲ್ಲಿಯೇ ನಡೆದ ಎರಡು ಸಂಶೋಧನೆಗಳು ಇಲ್ಲಿ ಸ್ಮರಣೀಯ. ಬೆಂಗಳೂರಿನ ಸೇಂಟ್ ಜಾನ್ಸ್ ಸಂಶೋಧನಾ ಸಂಸ್ಥೆಯವರು ಜೂರಿಕ್‌ನ ವಿಜ್ಞಾನಿಗಳೊಡನೆ ಸೇರಿ ತರುಣಿಯರಿಗೆ, ಗುರುತು ಹಚ್ಚಿದ ಕಬ್ಬಿಣ ಬೆರೆಸಿದ ಅನ್ನದ ಊಟ ಕೊಟ್ಟು, ಎಷ್ಟು ರಕ್ತಕ್ಕೆ ಸೇರಿತೆಂದು ಅಳೆದರು. ೨೦೦೮ರಲ್ಲಿ ಪ್ರಕಟವಾದ ಫಲಿತಾಂಶದಂತೆ, ಊಟದ ಜೊತೆಗೆ ಒಂದು ಕಪ್ಪು ಚಹಾ ಕುಡಿದರೆ ಕಬ್ಬಿಣದ ಹೀರಿಕೆ ಅರ್ಧದಷ್ಟು ಕುಸಿಯುತ್ತದೆ. ಎರಡು ಕಪ್ಪಾದರೆ ರಕ್ತಹೀನರಲ್ಲಿ ಮೂರರಲ್ಲಿ ಎರಡು ಪಾಲು ಹೋಗುತ್ತದೆ. ಅದೇ ಊಟಕ್ಕೆ ಸಿ ಜೀವಸತ್ವ ಸೇರಿಸಿದರೆ ಹೀರಿಕೆ ಹಲವು ಪಟ್ಟು ಏರುತ್ತದೆ. ಒಂದು ಲಿಂಬೆಹೋಳು, ಒಂದು ಪೇರಲ, ಒಂದು ನೆಲ್ಲಿಕಾಯಿ ನಮ್ಮ ಕಡೆ ದುರ್ಲಭವಲ್ಲ. ಊಟವಾದ ಮೇಲೆ ಚಹಾಕ್ಕೆ ಒಂದೆರಡು ಗಂಟೆ ತಡೆದರೆ ನಷ್ಟವಿಲ್ಲ.

ಎರಡನೆಯದು ಬೆಳಗಾವಿಯದೇ. ಜವಾಹರಲಾಲ ನೆಹರೂ ವೈದ್ಯಕೀಯ ಮಹಾವಿದ್ಯಾಲಯದ ವೈದ್ಯರು ಅಮೆರಿಕದ ಸಂಶೋಧಕರೊಡನೆ ಕೂಡಿ, ಎರಡು ವರ್ಷದ ೪೦ ಮಕ್ಕಳಲ್ಲಿ ಕೆಲವರಿಗೆ ಸಾಮಾನ್ಯ ಸಜ್ಜೆಯ ತಿನಿಸುಗಳನ್ನೂ, ಉಳಿದವರಿಗೆ ಕಬ್ಬಿಣ ಮತ್ತು ಸತುವು ಹೆಚ್ಚಿರುವಂತೆ ಬೆಳೆಸಿದ ತಳಿಯ ಸಜ್ಜೆಯ ತಿನಿಸುಗಳನ್ನೂ ಕೊಟ್ಟು ಪರೀಕ್ಷಿಸಿದರು. ೨೦೧೩ರಲ್ಲಿ ಪ್ರಕಟವಾದಂತೆ, ಸಾಮಾನ್ಯ ಸಜ್ಜೆಯಿಂದ ಮಗುವಿನ ಮೈಗೆ ದಿನಕ್ಕೆ ೦.೨೩ ಮಿಲಿಗ್ರಾಂ ಕಬ್ಬಿಣ ಸೇರಿದರೆ ಹೊಸ ತಳಿಯಿಂದ ೦.೬೭ ಮಿಲಿಗ್ರಾಂ ಸೇರಿತು. ಸಂಕ್ರಾಂತಿಗೆ ನಾವು ಎಳ್ಳು ಹಚ್ಚಿ ಮಾಡುವ ಸಜ್ಜೆರೊಟ್ಟಿಯಲ್ಲಿಯೇ ಇಂಥ ಸಾಧ್ಯತೆಯಿದೆ. ಹಾಗೆಯೇ, ಪುಂಡಿಪಲ್ಯದಂಥ ಹುಳಿಯ ಅಡಿಗೆಯನ್ನು ಕಬ್ಬಿಣದ ಬಾಣಲೆಯಲ್ಲಿ ಮಾಡಿದರೆ ಬಾಣಲೆಯ ಕಬ್ಬಿಣವೂ ಸ್ವಲ್ಪ ಅಡಿಗೆಯಲ್ಲಿ ಇಳಿಯುತ್ತದೆ. ಮಾಂಸ ತಿನ್ನುವವರಿಗೆ ಅದರೊಳಗಿನ ಕಬ್ಬಿಣ ಹೆಚ್ಚು ಸುಲಭವಾಗಿ ದಕ್ಕುತ್ತದೆ.

ಕೊರತೆ ಬಲಿತ ಮೇಲೆ ಊಟವೊಂದೇ ಸಾಲದು, ಗುಳಿಗೆ ಬೇಕು. ಭಾರತ ಸರಕಾರವು ಗರ್ಭಿಣಿಯರಿಗೂ ಮಕ್ಕಳಿಗೂ ಕಬ್ಬಿಣದ ಗುಳಿಗೆ ಹಂಚುವ ಯೋಜನೆಯನ್ನು ೧೯೭೦ರಲ್ಲಿ ಆರಂಭಿಸಿತು. ಅಕ್ಕ ತೀರಿಕೊಂಡು ಆಗ ಎರಡು ವರ್ಷವಾಗಿತ್ತು. ಗುಳಿಗೆ ನುಂಗಿದರೆ ಮಲ ಕಪ್ಪಾಗುತ್ತದೆ, ಹೊಟ್ಟೆ ತೊಳಸುತ್ತದೆ ಎಂದು ಅಂಜಿ ಬಿಡುವವರು ಬಹಳ. ಆ ಕಪ್ಪು, ಒಳಗೆ ಸೇರದೆ ಉಳಿದ ಕಬ್ಬಿಣದ ಬಣ್ಣ, ಅದಕ್ಕೆ ಹೆದರಬೇಕಾಗಿಲ್ಲ. ಇಲ್ಲಿಯೂ ಹೆಪ್ಸಿಡಿನ್ ತನ್ನ ಕೆಲಸ ಬಿಡುವುದಿಲ್ಲ. ದೊಡ್ಡ ಪ್ರಮಾಣದ ಒಂದು ಗುಳಿಗೆ ನುಂಗಿದೊಡನೆ ಅದು ಏರಿ, ಸುಮಾರು ಒಂದು ದಿನ ದ್ವಾರಗಳನ್ನು ಬಿಗಿ ಮಾಡುತ್ತದೆ. ಅಂದೇ ನುಂಗಿದ ಎರಡನೆಯ ಗುಳಿಗೆಯಲ್ಲಿ ದಕ್ಕುವ ಪಾಲು ಕಡಿಮೆ. ದಿನ ಬಿಟ್ಟು ದಿನ ಕೊಟ್ಟಾಗ ಪ್ರತಿ ಗುಳಿಗೆಯಿಂದ ಹೆಚ್ಚು ದಕ್ಕುತ್ತದೆ ಎಂದು ಜೂರಿಕ್‌ನವರು ೨೦೧೫ ಮತ್ತು ೨೦೧೭ರಲ್ಲಿ ತೋರಿಸಿದ್ದಾರೆ. ಯಾರಿಗೆ ಯಾವ ಕ್ರಮವೆಂಬುದನ್ನು ವೈದ್ಯರೇ ಹೇಳಬೇಕು. ಗರ್ಭಿಣಿಯರು ತಾವಾಗಿ ಗುಳಿಗೆ ತಪ್ಪಿಸಬಾರದು. ಕರುಳಿನ ದ್ವಾರವನ್ನು ಬಳಸದೆ ರಕ್ತನಾಳದ ಮೂಲಕವೇ ಕಬ್ಬಿಣವನ್ನು ಕೊಡುವ ಉಪಾಯವೂ ಇದೆ. ಗರ್ಭಿಣಿಯರಲ್ಲಿ ಇದನ್ನು ಗುಳಿಗೆಯೊಡನೆ ಹೋಲಿಸಿ ನೋಡಲು ಬೆಳಗಾವಿಯ ಅದೇ ಮಹಾವಿದ್ಯಾಲಯದ ಸಹಭಾಗಿತ್ವದಲ್ಲಿ ಕರ್ನಾಟಕ ಹಾಗೂ ರಾಜಸ್ಥಾನಗಳ ನಾಲ್ಕು ಸಾವಿರಕ್ಕೂ ಮಿಕ್ಕ ತಾಯಂದಿರಲ್ಲಿ ೨೦೨೧ರಿಂದ ದೊಡ್ಡದೊಂದು ಅಧ್ಯಯನ ನಡೆಯಿತು.

ಹೆಚ್ಚಾದರೆ ಹೊರದಾರಿಯಿಲ್ಲ ಎಂಬುದನ್ನು ಮಾತ್ರ ಮರೆಯಬಾರದು. ಥಲಸ್ಸೀಮಿಯಾ ರೋಗದ ಮಕ್ಕಳಿಗೆ ಮೇಲಿಂದಮೇಲೆ ರಕ್ತ ಕೊಡಬೇಕಾಗುತ್ತದೆ. ಒಂದೊಂದು ಚೀಲ ರಕ್ತದಲ್ಲಿಯೂ ೨೦೦ರಿಂದ ೨೫೦ ಮಿಲಿಗ್ರಾಂ ಕಬ್ಬಿಣವಿರುತ್ತದೆ. ಅದು ಹೊರಗೆ ಹೋಗಲಾರದೆ ಹೃದಯ, ಯಕೃತ್ತುಗಳಲ್ಲಿ ಸೇರಿ ಅವನ್ನು ಕೆಡಿಸುತ್ತದೆ. ಕಬ್ಬಿಣವನ್ನು ಹಿಡಿದು ಹೊರಗೆ ಒಯ್ಯುವ ಔಷಧಗಳನ್ನು ಆ ಮಕ್ಕಳಿಗೆ ವರ್ಷಾನುಗಟ್ಟಲೆ ಕೊಡಬೇಕಾಗುತ್ತದೆ. ಆದ್ದರಿಂದ ರಕ್ತಪರೀಕ್ಷೆಯಿಲ್ಲದೆ, ಶಕ್ತಿ ಬರಲೆಂದು ಅಂಗಡಿಯಿಂದ ಗುಳಿಗೆ ತಂದು ನುಂಗುವುದು ಸರಿಯಲ್ಲ.

ಪರೀಕ್ಷೆ ಬಹಳ ಸುಲಭವಾದದ್ದು. ಹೆಂಗಸಿಗೆ ಡೆಸಿಲೀಟರಿಗೆ ೧೨ ಗ್ರಾಂ, ಗರ್ಭಿಣಿಗೆ ೧೧ ಗ್ರಾಂಗಿಂತ ಹಿಮೋಗ್ಲೋಬಿನ್ ಕೆಳಗಿದ್ದರೆ ರಕ್ತಹೀನತೆ ಎಂದು ಎಣಿಕೆ. ಒಂದು ಹನಿ ರಕ್ತ ಸಾಕು. ಹಳ್ಳಿಯ ಆರೋಗ್ಯ ಕೇಂದ್ರಗಳಲ್ಲಿಯೂ ಇದನ್ನು ನೋಡುತ್ತಾರೆ. ಕಷ್ಟವಿರುವುದು ಅಲ್ಲಿಗೆ ಹೋಗಬೇಕೆಂದು ತೋಚು­ವುದರಲ್ಲಿ. ಮನೆಯ ಹೆಣ್ಣುಮಗಳು ಮಣ್ಣು, ಬಳಪ, ಹಸಿ ಅಕ್ಕಿ ತಿನ್ನುತ್ತಿದ್ದರೆ, ಸುಮ್ಮಸುಮ್ಮನೆ ದಣಿಯುತ್ತಿದ್ದರೆ, ಅವಳ ಕಣ್ಣಿನ ಕೆಳರೆಪ್ಪೆಯ ಒಳಬದಿ ಬಿಳಿಚಿದ್ದರೆ, ಬೈಯುವುದನ್ನು ಬಿಟ್ಟು ಅವಳನ್ನು ಅಲ್ಲಿಗೆ ಕರೆದುಕೊಂಡು ಹೋಗಿರಿ.

ಹತ್ತರಗಿಯ ಆ ಮಣ್ಣಿನ ಮನೆ ಈಗಿಲ್ಲ. ಇಪ್ಪತ್ತು ವರ್ಷದ ಹಿಂದೆ ಬಿಚ್ಚಿ ಇಟ್ಟಂಗಿಯ ಮನೆ ಕಟ್ಟಿದೆವು. ಗೋಡೆ ಕೆಡಹುವ ದಿನ ನಾನು ಅಲ್ಲಿಯೇ ನಿಂತಿದ್ದೆ. ನಡುಮನೆಯ ಮೂಲೆಯ ಆ ತಗ್ಗನ್ನು ನಮ್ಮ ಅವ್ವ ಎಂದೋ ಸೆಗಣಿ ಮಣ್ಣು ಮೆತ್ತಿ ಮುಚ್ಚಿದ್ದಳು. ಆದರೂ ಅದರ ಗುರುತು ಕಾಣುತ್ತಿತ್ತು.